ಅರ್ಧ ಗ್ರೇನ್ ಪಾಷಾಣ: ಫ್ಲಾರೆನ್ಸ್ ಮೇಬ್ರಿಕ್ ಪ್ರಕರಣ, 1889

ಕಾನೂನು ಓದಿದವರೆಲ್ಲ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ದೃಷ್ಟಾಂತಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದವರೇ. ಎಂಟನೇ ಕಲಮಿನ ಕೆಳಗೆ ಒಂದಿದೆ: 'ಬಿ'ಗೆ ವಿಷವಿಕ್ಕಿ ಕೊಂದ ಆರೋಪ 'ಎ' ಮೇಲಿದೆ, ಬಿ ಸಾಯುವ ಮುಂಚೆ ಎ ಅಂಥದೇ ವಿಷ ಸಂಪಾದಿಸಿದ್ದ ಎಂಬುದು ಸುಸಂಗತ, ಅಂದರೆ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಸಂಗತಿ. ಒಂದು ಕಲಮು ಹಿಂದೆ ಹೋದರೆ ಇನ್ನೊಂದು: ಎ ವಿಷ ಹಾಕಿದನೇ ಎಂಬ ಪ್ರಶ್ನೆ ಬಂದಾಗ, ವಿಷದ್ದೆನ್ನಲಾದ ಲಕ್ಷಣಗಳು ಕಾಣಿಸುವ ಮೊದಲು ಬಿಯ ಆರೋಗ್ಯ ಹೇಗಿತ್ತು, ವಿಷ ಹಾಕಲು ಅವಕಾಶವಾಗುವಂಥ ಯಾವ ಅಭ್ಯಾಸ ಅವನಿಗಿತ್ತು, ಅದು ಎಗೆ ಗೊತ್ತಿತ್ತೇ, ಇವೂ ಸುಸಂಗತ.

ಈ ಎ, ಬಿಗಳನ್ನು ಹುಟ್ಟಿಸಿದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. 1869ರಿಂದ 1872ರವರೆಗೆ ವೈಸರಾಯ್ ಪರಿಷತ್ತಿನ ಕಾನೂನು ಸದಸ್ಯರಾಗಿ ಕಲ್ಕತ್ತೆಯಲ್ಲಿದ್ದು, ಹೋಗುವ ಮುಂಚೆ ನಮಗೆ ಈ ಅಧಿನಿಯಮವನ್ನು ಬರೆದುಕೊಟ್ಟು ಹೋದವರು. 2024ರ ಜುಲೈ 1ರಂದು ಅದರ ಜಾಗಕ್ಕೆ ಹೊಸದು, 2023ರ 'ಭಾರತೀಯ ಸಾಕ್ಷ್ಯ ಅಧಿನಿಯಮ', ಬಂತು. ಕಲಮುಗಳ ಸಂಖ್ಯೆ ಬದಲಾಯಿತು, ಎ ಮತ್ತು ಬಿ ಹಾಗೇ ಉಳಿದುಕೊಂಡರು. ಕನ್ನಡದಲ್ಲಿ ಬರೆಯುವವರಿಗಂತೂ ಹೆಸರೂ ಬದಲಾಗಲಿಲ್ಲ.

ಅಧಿನಿಯಮ ಬರೆದ 17 ವರ್ಷಕ್ಕೆ ಆ ಎ ಮತ್ತು ಬಿ ರಕ್ತಮಾಂಸ ತುಂಬಿಕೊಂಡು, ಇಂಗ್ಲೆಂಡಿನಲ್ಲಿ ನ್ಯಾಯಮೂರ್ತಿಯಾಗಿದ್ದ ಸ್ಟೀಫನ್ನರ ಎದುರಿಗೇ ಬಂದರು. ಬಿ ಎಂದರೆ ಲಿವರ್‌ಪೂಲಿನ ಅರಳೆ ವ್ಯಾಪಾರಿ ಜೇಮ್ಸ್ ಮೇಬ್ರಿಕ್, 50 ವರ್ಷ. ಎ ಎಂದರೆ ಅವನ ಹೆಂಡತಿ ಫ್ಲಾರೆನ್ಸ್, 26. ಆಗ ನ್ಯಾಯಮೂರ್ತಿ ತಮ್ಮದೇ ದೃಷ್ಟಾಂತಗಳಿಗೆ ಎಷ್ಟು ನಿಷ್ಠರಾಗಿದ್ದರು ಎಂಬುದೇ ನನಗೆ ಈ ಪ್ರಕರಣದ ಕುತೂಹಲ. ಅವಳು ಕೊಂದಳೋ ಇಲ್ಲವೋ ಎಂದು ತೀರ್ಪು ಕೊಡಹೊರಟವರು ನೂರಾರು ಜನ. ಆ ಸಾಲಿಗೆ ಸೇರುವ ಆಸೆ ನನಗಿಲ್ಲ.

ಫ್ಲಾರೆನ್ಸ್ ಚಾಂಡ್ಲರ್ ಹುಟ್ಟಿದ್ದು 1862ರಲ್ಲಿ, ಅಮೆರಿಕದ ಅಲಬಾಮಾದ ಮೊಬೀಲ್ ಎಂಬ ಬಂದರು ಪಟ್ಟಣದಲ್ಲಿ. 1880ರಲ್ಲಿ ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟ 'ಬಾಲ್ಟಿಕ್' ಹಡಗಿನಲ್ಲಿ ಇಬ್ಬರ ಭೇಟಿ. ಅವಳಿಗೆ ಇನ್ನೂ 18 ತುಂಬಿರಲಿಲ್ಲ, ಅವನು ನಲವತ್ತು ದಾಟಿದವನು. ಮರುವರ್ಷ ಲಂಡನ್ನಿನಲ್ಲಿ ಮದುವೆ. ಅರಳೆ ವ್ಯಾಪಾರಕ್ಕಾಗಿ ಕೆಲ ವರ್ಷ ವರ್ಜೀನಿಯಾದ ನಾರ್ಫೋಕ್ ಪಟ್ಟಣಕ್ಕೂ ಲಿವರ್‌ಪೂಲಿಗೂ ಓಡಾಡಿ, ಕೊನೆಗೆ ಲಿವರ್‌ಪೂಲಿನ ಏಗ್‌ಬರ್ತ್ ಬಡಾವಣೆಯಲ್ಲಿ ಬ್ಯಾಟಲ್‌ಕ್ರೀಸ್ ಹೌಸ್ ಎಂಬ ದೊಡ್ಡ ಮನೆ ಹಿಡಿದರು. ಒಂದು ಗಂಡು, ಒಂದು ಹೆಣ್ಣು ಮಗು. ಅಡುಗೆಯವಳು, ಕೆಲಸದ ಹುಡುಗಿಯರು, ಮಕ್ಕಳನ್ನು ನೋಡಿಕೊಳ್ಳಲು ಆಲಿಸ್ ಯಾಪ್ ಎಂಬ ಆಯಾ. ಹೊರಗೆ ಶ್ರೀಮಂತಿಕೆ, ಒಳಗೆ ಫ್ಲಾರೆನ್ಸಳ ಸಾಲ. ಗಂಡನಿಗೆ ಬೇರೊಬ್ಬ ಹೆಂಗಸಿನ ಸಂಬಂಧ ಮದುವೆಗೂ ಹಳೆಯದು.

ಜೇಮ್ಸ್‌ಗೆ ಇನ್ನೊಂದು ಹಳೆಯ ನಂಟಿತ್ತು. ನಾರ್ಫೋಕಿನಲ್ಲಿ ಮಲೇರಿಯಾ ಹಿಡಿದಾಗ ಕ್ವಿನೈನ್ ನಾಟದೆ ವೈದ್ಯರು ಆರ್ಸೆನಿಕ್ ಕೊಟ್ಟರು. ಜ್ವರ ಬಿಟ್ಟಿತು, ಆರ್ಸೆನಿಕ್ ಬಿಡಲಿಲ್ಲ. ನಾವು ಪಾಷಾಣ ಅನ್ನುವುದು ಇದನ್ನೇ. ನಮ್ಮ ಹಿರಿಯರಿಗೆ ಇಲಿಪಾಷಾಣ ಎಂದರೆ ಮೈ ಜುಮ್ಮೆನ್ನುತ್ತಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಔಷಧದಂಗಡಿಯ ಬಾಟಲಿಯಲ್ಲಿ 'ಫೌಲರ್ ದ್ರಾವಣ' ಎಂಬ ಹೆಸರಿನಲ್ಲಿ ಇರುತ್ತಿತ್ತು. ಜ್ವರಕ್ಕೆ, ಚರ್ಮರೋಗಕ್ಕೆ, ನಿಶ್ಶಕ್ತಿಗೆ, ಎಲ್ಲದಕ್ಕೂ ಅದೇ. ಹನಿಗಟ್ಟಲೆ ತೆಗೆದುಕೊಂಡರೆ ಮೈಗೆ ಕಸುವು ಬಂದಂತೆ ಅನಿಸುತ್ತದೆ ಎಂದು ಗಂಡಸರು ಕುಡಿದರು, ಮುಖಕ್ಕೆ ಹಚ್ಚಿದರೆ ಬಣ್ಣ ತಿಳಿಯಾಗುತ್ತದೆ ಎಂದು ಹೆಂಗಸರು ಹಚ್ಚಿದರು. ಲಿವರ್‌ಪೂಲಿನ ಅರಳೆ ವಿನಿಮಯ ಕೇಂದ್ರದ ಹತ್ತಿರ ಅಂಗಡಿ ಇಟ್ಟಿದ್ದ ಔಷಧ ವ್ಯಾಪಾರಿಯೊಬ್ಬ ಆಮೇಲೆ ನ್ಯಾಯಾಲಯದಲ್ಲಿ ಹೇಳಿದ: ಮೇಬ್ರಿಕ್ ವರ್ಷಗಟ್ಟಲೆ ನನ್ನ ಗಿರಾಕಿ, ಆರ್ಸೆನಿಕ್ ದ್ರಾವಣ ಬೆರೆಸಿದ ಚೇತರಿಕೆಯ ಪಾನಕ್ಕೆ ದಿನಕ್ಕೆ ಐದು ಸಲದವರೆಗೂ ಬರುತ್ತಿದ್ದರು. ನಮ್ಮಲ್ಲಿ ಆಫೀಸಿನ ಎದುರಿನ ಗಾಡಿಗೆ ಚಹಾಕ್ಕೆ ಹೋಗುತ್ತಾರಲ್ಲ, ಹಾಗೆ.

1889ರ ಮಾರ್ಚಿನಲ್ಲಿ ಫ್ಲಾರೆನ್ಸ್ ಲಂಡನ್ನಿನ ಹೋಟೆಲೊಂದರಲ್ಲಿ ಆಲ್ಫ್ರೆಡ್ ಬ್ರಿಯರ್ಲಿ ಎಂಬ ಅರಳೆ ದಲ್ಲಾಳಿಯ ಜೊತೆ ಉಳಿದಳು. ಇದರಲ್ಲಿ ಅನುಮಾನವಿಲ್ಲ, ಅವಳ ಪರ ವಕೀಲರೂ ಅಲ್ಲಗಳೆಯಲಿಲ್ಲ. ಆ ತಿಂಗಳ 29ರಂದು ಗ್ರ್ಯಾಂಡ್ ನ್ಯಾಷನಲ್ ಕುದುರೆ ಪಂದ್ಯದಲ್ಲಿ ಅವಳು ಬ್ರಿಯರ್ಲಿಯ ಜೊತೆ ನಡೆದಾಡಿದ್ದನ್ನು ಜೇಮ್ಸ್ ಕಂಡ. ಮನೆಗೆ ಬಂದು ಜಗಳ. ಅವಳ ಕಣ್ಣು ಕಪ್ಪಗೆ ಊದಿಕೊಳ್ಳುವ ಹಾಗೆ ಹೊಡೆದ. ಮನೆಯ ವೈದ್ಯರೇ ಮಧ್ಯಸ್ಥಿಕೆ ವಹಿಸಿ ರಾಜಿ ಮಾಡಿಸಿದರು, ಸಾಲ ತೀರಿಸಲು ಗಂಡ ಒಪ್ಪಿದ.

ಇನ್ನು ನೊಣದ ಕಾಗದ. ಏಪ್ರಿಲ್ ಕೊನೆಯಲ್ಲಿ ಫ್ಲಾರೆನ್ಸ್ ಬಡಾವಣೆಯ ಒಂದು ಅಂಗಡಿಯಲ್ಲಿ ಒಂದು ಡಜನ್, ಇನ್ನೊಂದರಲ್ಲಿ ಎರಡು ಡಜನ್ ಕೊಂಡಳು. ಅಂಟು ಬಳಿದು ನೊಣ ಹಿಡಿಯುವ ಕಾಗದ ಇದಲ್ಲ. ಆರ್ಸೆನಿಕ್ ಹೀರಿಸಿ ಒಣಗಿಸಿದ ಕಂದು ಹಾಳೆ. ತಟ್ಟೆಯಲ್ಲಿ ನೀರು ಹಾಕಿ ನೆನೆಯಿಟ್ಟರೆ ಆ ನೀರು ಕುಡಿದ ನೊಣ ಸಾಯುತ್ತದೆ. ಕೆಲಸದ ಹುಡುಗಿ ಮಲಗುವ ಕೋಣೆಗೆ ಹೋದಾಗ ಕೈತೊಳೆಯುವ ಮೇಜಿನ ಮೇಲೆ ಒಂದು ಬೋಗುಣಿ, ಅದರ ಮೇಲೆ ಟವೆಲು ಮುಚ್ಚಿದೆ. ಎತ್ತಿ ನೋಡಿದರೆ ಒಳಗೆ ಇನ್ನೊಂದು ಸಣ್ಣ ಬೋಗುಣಿ, ನೀರಿನಲ್ಲಿ ಹಾಳೆಗಳು. ಅವಳು ಆಯಾಗೆ ಹೇಳಿದಳು, ಆಯಾ ಬಂದು ತಾನೂ ಎತ್ತಿ ನೋಡಿದಳು. ಆ ಹೊತ್ತಿಗೆ ಮನೆಯಲ್ಲಿ ನೊಣದ ಕಾಟವೇನೂ ಇರಲಿಲ್ಲ.

ಕೊಲ್ಲುವವಳು ತನ್ನನ್ನು ಬಲ್ಲ ನೆರೆಯ ಅಂಗಡಿಗೇ ಹೋಗಿ ಕೊಳ್ಳುತ್ತಾಳೆಯೇ, ಕೆಲಸದವರು ದಿನಾ ಗುಡಿಸುವ ಕೋಣೆಯಲ್ಲಿ ನೆನೆಯಿಡುತ್ತಾಳೆಯೇ ಎಂದು ಅವಳ ಕಡೆಯವರು ಕೇಳಿದರು. ಫ್ಲಾರೆನ್ಸಳ ವಿವರಣೆ ಸರಳ: ಮುಖಕ್ಕೆ ಹಚ್ಚುವ ನೀರಿಗಾಗಿ, ನೃತ್ಯಕೂಟವೊಂದಕ್ಕೆ ಹೋಗುವುದಿತ್ತು. ಕಟ್ಟುಕತೆ ಎಂದು ಜನ ನಕ್ಕರು. ಶಿಕ್ಷೆಯಾದ ಮೇಲೆ ಅವಳ ತಾಯಿಗೆ ಮನೆಯ ಬೈಬಲ್ಲಿನ ಹಾಳೆಗಳ ನಡುವೆ ಅಮೆರಿಕದ ವೈದ್ಯನೊಬ್ಬನ ಹಳೆಯ ಚೀಟಿ ಸಿಕ್ಕಿತು. ಆರ್ಸೆನಿಕ್ ಬೆರೆಸಿದ ಮುಖಲೇಪದ ಚೀಟಿ.

ಏಪ್ರಿಲ್ 27ರಂದು ಜೇಮ್ಸ್ ಹುಷಾರು ತಪ್ಪಿದ. ವಾಂತಿ, ಕಾಲು ಜೋಮು. ಆದರೂ ಮಳೆಯಲ್ಲಿ ಕುದುರೆ ಪಂದ್ಯಕ್ಕೆ ಹೋಗಿ ನೆನೆದು ಬಂದ. ಡಾ. ಹಂಫ್ರೀಸ್ ಬಂದರು, ಅಜೀರ್ಣ ಅಂದರು. ಮುಂದಿನ ಹದಿನಾಲ್ಕು ದಿನ ಆ ಹೊಟ್ಟೆಗೆ ಹೋದ ಔಷಧಗಳ ಪಟ್ಟಿ ಓದಿದರೆ ಆರೋಗ್ಯವಂತನೂ ಹಾಸಿಗೆ ಹಿಡಿಯಬೇಕು: ಬಿಸ್ಮತ್, ಮಾರ್ಫಿಯಾ, ಹೈಡ್ರೋಸಯನಿಕ್ ಆಮ್ಲದ ಹನಿಗಳು, ಜಬರಾಂಡಿ, ಆಂಟಿಪೈರಿನ್. ನಡುವೆ ಸ್ವಲ್ಪ ಫೌಲರ್ ದ್ರಾವಣ ಕೂಡ. ಅಂದರೆ ವೈದ್ಯರೇ ಕೊಟ್ಟ ಆರ್ಸೆನಿಕ್, ಅತಿ ಸಣ್ಣ ಪ್ರಮಾಣದಲ್ಲಿ.

ಮೇ 8ರಂದು ಮನೆ ಸಿಡಿಯಿತು. ಆಯಾ ಯಾಪ್ ಮನೆಗೆ ಬಂದ ಪರಿಚಯದ ಹೆಂಗಸರ ಕಿವಿಯಲ್ಲಿ ನೊಣದ ಕಾಗದದ ಸುದ್ದಿ ಹಾಕಿದಳು. ಅಮ್ಮಾವರು ಯಜಮಾನರಿಗೆ ವಿಷ ಹಾಕುತ್ತಿದ್ದಾರೆ ಎಂದೇ ಹೇಳಿದಳು. ಲಂಡನ್ನಿನಲ್ಲಿದ್ದ ಜೇಮ್ಸನ ತಮ್ಮ ಮೈಕೆಲ್‌ಗೆ ತಂತಿ ಹೋಯಿತು. ಮೈಕೆಲ್ ಆ ಕಾಲದ ಹೆಸರಾಂತ ಗಾಯಕ, ಬೇರೆ ಹೆಸರಿನಲ್ಲಿ ಹಾಡುಗಳಿಗೆ ರಾಗ ಹಾಕಿ ಮನೆಮಾತಾದವನು. ಅದೇ ಮಧ್ಯಾಹ್ನ ಫ್ಲಾರೆನ್ಸ್ ಬ್ರಿಯರ್ಲಿಗೆ ಬರೆದ ಕಾಗದವೊಂದನ್ನು ಅಂಚೆಗೆ ಹಾಕಲು ಯಾಪ್ ಕೈಗೆ ಕೊಟ್ಟಳು. ದಾರಿಯಲ್ಲಿ ಮಗುವಿನ ಕೈಯಿಂದ ಕೆಸರಿಗೆ ಬಿತ್ತಂತೆ, ಲಕೋಟೆ ಬದಲಿಸೋಣ ಎಂದು ಒಡೆದಳಂತೆ, ಒಡೆದಾಗ ಒಂದು ಸಾಲು ಕಣ್ಣಿಗೆ ಬಿತ್ತಂತೆ. ಮೂರು 'ಅಂತೆ'ಗಳನ್ನು ದಾಟಿ ಆ ಕಾಗದ ಜೇಮ್ಸನ ಇನ್ನೊಬ್ಬ ತಮ್ಮ ಎಡ್ವಿನ್ ಕೈಸೇರಿತು. ಸರ್ಕಾರದ ಪರ ಅದಕ್ಕಿಂತ ಬಲವಾದ ಕಾಗದ ಇನ್ನೊಂದಿರಲಿಲ್ಲ.

ಕಾಗದದಲ್ಲಿ ಅವಳು ಗಂಡ ಸಾಯುವಷ್ಟು ಕಾಯಿಲೆ ಬಿದ್ದಿದ್ದಾನೆ ಎಂದು ಬರೆದಿದ್ದಳು. ವೈದ್ಯರಿಗೇ ಆ ದಿನ ಸಾವಿನ ಯೋಚನೆ ಇರಲಿಲ್ಲ, ಇವಳಿಗೆ ಹೇಗೆ ಗೊತ್ತಾಯಿತು ಎಂಬುದು ಸರ್ಕಾರಿ ವಕೀಲರ ಪ್ರಶ್ನೆ. ಅವಳ ಊರಿನ ಕಡೆ ಜೋರಾದ ಕಾಯಿಲೆಗೆಲ್ಲ ಹಾಗೇ ಅನ್ನುವುದು ರೂಢಿ ಎಂಬುದು ಎದುರಿನವರ ಉತ್ತರ. ನನಗೆ ಈ ಉತ್ತರ ಉಡಾಫೆ ಅನಿಸುವುದಿಲ್ಲ. 'ಜ್ವರ ಬಂದು ಸತ್ತೇ ಹೋಗಿದ್ದೆ ಕಣೇ' ಎಂದು ನಮ್ಮ ಮನೆಗಳಲ್ಲಿ ಎಷ್ಟು ಸಲ ಹೇಳಿಲ್ಲ? ಅದನ್ನು ಬರೆದಿಟ್ಟು, ಮೂರು ದಿನದಲ್ಲಿ ಆ ಮನುಷ್ಯ ನಿಜಕ್ಕೂ ಸತ್ತರೆ ಮಾತ್ರ ಮಾತು ಸಾಕ್ಷ್ಯವಾಗುತ್ತದೆ. ಆದರೆ ಅದೇ ಕಾಗದದ ಇನ್ನೊಂದು ಮಾತು ಅಷ್ಟು ಸುಲಭವಾಗಿ ಕರಗುವುದಿಲ್ಲ: ನಮ್ಮ ವಿಷಯ ಅವನಿಗೇನೂ ತಿಳಿದಿಲ್ಲ, ಹೆದರಬೇಡ ಎಂದು ಪ್ರಿಯಕರನಿಗೆ ಧೈರ್ಯ ಹೇಳಿದ್ದಳು.

ಅವಳ ಮೇಲೆ ಕಾವಲು ಬಿತ್ತು. ಗಂಡನ ಆರೈಕೆ ಹೊರಗಿನ ನರ್ಸುಗಳ ಪಾಲಾಯಿತು. ಮೇ 9ರ ರಾತ್ರಿ ನರ್ಸ್ ಗೋರ್ ಕಂಡದ್ದು: ರೋಗಿಗೆಂದು ತಂದ ಮಾಂಸದ ರಸದ ಬಾಟಲಿಯನ್ನು ಫ್ಲಾರೆನ್ಸ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು, ಬಾಗಿಲು ಮುಂದೆ ಮಾಡಿದಳು, ಒಂದೆರಡು ನಿಮಿಷಕ್ಕೆ ಬಂದು, ಏನೂ ಆಗಿಲ್ಲವೆಂಬಂತೆ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ನರ್ಸ್ ಅದನ್ನು ರೋಗಿಗೆ ಕೊಡಲಿಲ್ಲ, ತೆಗೆದಿಟ್ಟಳು. ಪರೀಕ್ಷೆಯಲ್ಲಿ ಬಾಟಲಿಯಲ್ಲಿ ಅರ್ಧ ಗ್ರೇನ್ ಆರ್ಸೆನಿಕ್ ಸಿಕ್ಕಿತು; ಈಗಿನ ಲೆಕ್ಕದಲ್ಲಿ ಸುಮಾರು 32 ಮಿಲಿಗ್ರಾಂ. ಅವನೇ ತನ್ನ ಪುಡಿ ಹಾಕಿಕೊಡು ಎಂದು ಗೋಗರೆದ, ಹಾಕಿದೆ, ಅದು ಏನೆಂದು ನನಗೆ ಗೊತ್ತಿರಲಿಲ್ಲ ಎಂದು ಅವಳು ಆಮೇಲೆ ಹೇಳಿದಳು. ನಾನು ಈ ಪ್ರಕರಣವನ್ನು ಎಷ್ಟು ಸಲ ಓದಿದರೂ ಇಲ್ಲಿ ನಿಲ್ಲುತ್ತೇನೆ. ನೊಣದ ಕಾಗದಕ್ಕೆ ಉತ್ತರವಿದೆ, ಕಾಗದದ ಸಾಲಿಗೆ ಉತ್ತರವಿದೆ, ಈ ಬಾಟಲಿಗೂ ಒಂದು ಉತ್ತರ ಇದೆ, ಆದರೆ ಗಂಟಲಲ್ಲಿ ಇಳಿಯುವುದಿಲ್ಲ. ಅಷ್ಟೇ ನಿಜವಾದ ಇನ್ನೊಂದು ಮಾತು: ಆ ಬಾಟಲಿಯ ರಸವನ್ನು ಜೇಮ್ಸ್ ಕುಡಿಯಲೇ ಇಲ್ಲ.

ಮೇ 11ರ ರಾತ್ರಿ ಅವನು ಸತ್ತ. ಮನೆ ಜಾಲಾಡಿದಾಗ ಹತ್ತಾರು ಜನರನ್ನು ಕೊಲ್ಲುವಷ್ಟು ಆರ್ಸೆನಿಕ್ ಹೊರಬಿತ್ತು. ಒಂದು ಪೊಟ್ಟಣದ ಮೇಲೆ 'ಬೆಕ್ಕುಗಳಿಗೆ ವಿಷ' ಎಂಬ ಬರಹ. ನೊಣದ ಕಾಗದ ಬಿಟ್ಟರೆ ಈ ರಾಶಿಯಲ್ಲಿ ಯಾವುದನ್ನೂ ಅವಳು ಕೊಂಡಳೆಂದು ಸಾಬೀತಾಗಲಿಲ್ಲ. ಹೆಣದಲ್ಲಿ ಮಾತ್ರ ಸಿಕ್ಕಿದ್ದು ಬಹಳ ಕಡಿಮೆ: ಹೊಟ್ಟೆಯೊಳಗಿನ ದ್ರವದಲ್ಲಿ ಏನೂ ಇಲ್ಲ, ಯಕೃತ್ತು, ಕರುಳು, ಮೂತ್ರಪಿಂಡ ಎಲ್ಲ ಸೇರಿ ಅರ್ಧ ಗ್ರೇನ್ ಕೂಡ ಇಲ್ಲ. ಕೊಲ್ಲಲು ಎರಡು ಗ್ರೇನ್ ಬೇಕೆಂಬುದು ಆಗಿನ ತಿಳಿವಳಿಕೆ. ಬದುಕಿದ್ದಾಗಲೇ ಹಂಫ್ರೀಸ್ ಅವನ ಮಲಮೂತ್ರವನ್ನು ತಾಮ್ರದ ಜೊತೆ ಕುದಿಸಿ ಪರೀಕ್ಷಿಸಿದ್ದರು. ಆರ್ಸೆನಿಕ್ ಇದ್ದರೆ ತಾಮ್ರ ಕಪ್ಪಾಗಬೇಕು, ಆಗಿರಲಿಲ್ಲ.

ವಿಚಾರಣೆ ಜುಲೈ 31ರಂದು ಲಿವರ್‌ಪೂಲಿನ ಸೇಂಟ್ ಜಾರ್ಜ್ ಹಾಲ್‌ನಲ್ಲಿ ಶುರುವಾಯಿತು. ಕಟಕಟೆಯಲ್ಲಿ ಕಪ್ಪು ಉಡುಪಿನ ವಿಧವೆ, ಎದುರಿಗೆ ಹನ್ನೆರಡು ಜನ ಗಂಡಸರ ಜೂರಿ. ಅವಳ ಪರ ನಿಂತವರು ಸರ್ ಚಾರ್ಲ್ಸ್ ರಸೆಲ್, ಮುಂದೆ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾದವರು. ಅವರ ಪಾಟೀಸವಾಲಿನಲ್ಲಿ ಡಾ. ಹಂಫ್ರೀಸ್ ಬಾಯಿಬಿಟ್ಟರು: ಯಾರೂ ವಿಷದ ಮಾತೆತ್ತದೆ ಇದ್ದಿದ್ದರೆ ಜಠರದ ಉರಿಯೂತದಿಂದ ಸಹಜ ಸಾವು ಎಂದೇ ಪ್ರಮಾಣಪತ್ರ ಬರೆದುಕೊಡುತ್ತಿದ್ದೆ. ಸರ್ಕಾರದ ತಜ್ಞ ಸ್ಟೀವನ್‌ಸನ್ ಇದು ಆರ್ಸೆನಿಕ್ ಸಾವು ಎಂದರು. ಎದುರಿನ ತಜ್ಞ ಟೈಡಿ, ಇಲ್ಲ ಎಂದರು. ಇಬ್ಬರೂ ದೊಡ್ಡ ಹೆಸರಿನವರು. ನಾರ್ಫೋಕಿನಿಂದ ಹಳೆಯ ಆಳು ಬಂದು ಯಜಮಾನರಿಗೆ ಆರ್ಸೆನಿಕ್ ತಂದುಕೊಡುತ್ತಿದ್ದೆ ಎಂದ. ಸತ್ತವನ ಅಭ್ಯಾಸಗಳು ಪೂರ್ತಿ ಬಯಲಿಗೆ ಬಂದವು.

ಫ್ಲಾರೆನ್ಸ್ ಮಾತ್ರ ಸಾಕ್ಷಿ ಹೇಳುವಂತಿರಲಿಲ್ಲ. ಆರೋಪಿ ಪ್ರಮಾಣ ಮಾಡಿ ತನ್ನ ಪರ ಸಾಕ್ಷ್ಯ ನುಡಿಯುವ ಹಕ್ಕು ಇಂಗ್ಲೆಂಡಿಗೆ ಬಂದದ್ದು 1898ರಲ್ಲಿ. (ನಮಗೆ ಬಂದದ್ದು 1955ರಲ್ಲಿ.) ಕಟಕಟೆಯಲ್ಲೇ ನಿಂತು ಒಂದು ಹೇಳಿಕೆ ಕೊಡಲು ಬಿಟ್ಟರು. ಪ್ರಮಾಣವಿಲ್ಲ, ಪಾಟೀಸವಾಲಿಲ್ಲ, ಆದ್ದರಿಂದ ತೂಕವೂ ಇಲ್ಲ. ಮುಖಲೇಪ, ಬಾಟಲಿಯ ಪುಡಿ ಎರಡನ್ನೂ ಅವಳು ಹೇಳಿಕೊಂಡದ್ದು ಅಲ್ಲೇ. ಗಂಡ ಸಾಯುವ ಮುಂಚೆ ತಪ್ಪೊಪ್ಪಿಕೊಂಡೆ, ಅವನು ಕ್ಷಮಿಸಿದ ಎಂದೂ ಸೇರಿಸಿದಳು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ವಕೀಲರಾದವರಿಗೆ ಅನಿಸದೆ ಇರದು.

ಆಮೇಲೆ ಸ್ಟೀಫನ್ ಎರಡು ದಿನ ಜೂರಿಗೆ ವಿವರಿಸಿದರು. 1885ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ದಿನಾಂಕ, ಸಂಗತಿಗಳಲ್ಲಿ ಎಡವಿದರು. ಎಡವಿದ್ದನ್ನು ಕ್ಷಮಿಸಬಹುದು. ಆದರೆ ಇದನ್ನು ಬರೀ ವೈದ್ಯಕೀಯದ ಪ್ರಶ್ನೆ ಎಂದೋ ಬರೀ ರಸಾಯನದ ಪ್ರಶ್ನೆ ಎಂದೋ ನೋಡಬೇಡಿ, ಇದರೊಳಗೆ ಬಹು ಮುಖ್ಯವಾದ ಒಂದು ನೈತಿಕ ಪ್ರಶ್ನೆ ಇದೆ ಎಂದು ಜೂರಿಗೆ ಹೇಳಿದರಲ್ಲ, ಅದು ಎಡವಿದ್ದಲ್ಲ. ಬೇಕೆಂದೇ ಇಟ್ಟ ಹೆಜ್ಜೆ.

ಅವರೇ ಬರೆದ ನಮ್ಮ ಅಧಿನಿಯಮವನ್ನು ಪಕ್ಕದಲ್ಲಿಟ್ಟು ನೋಡಿ. ವ್ಯಭಿಚಾರವನ್ನು ಸಾಕ್ಷ್ಯವಾಗಿ ತರಬಹುದೇ? ತರಬಹುದು, ಎಂಟನೇ ಕಲಮು ಉದ್ದೇಶಕ್ಕೆ ಬಾಗಿಲು ತೆರೆದೇ ಇಟ್ಟಿದೆ, ಪ್ರಿಯಕರನಿರುವುದು ಗಂಡನನ್ನು ಕೊಲ್ಲಲು ಒಂದು ಉದ್ದೇಶ. ಅಷ್ಟರ ಮಟ್ಟಿಗೆ ಸರ್ಕಾರಿ ವಕೀಲರ ತಪ್ಪಿಲ್ಲ. ಆದರೆ 54ನೇ ಕಲಮು ಆರೋಪಿಯ ಕೆಟ್ಟ ನಡತೆ ಸುಸಂಗತವಲ್ಲ ಎನ್ನುತ್ತದೆ, ತನ್ನ ನಡತೆ ಒಳ್ಳೆಯದೆಂದು ಆರೋಪಿಯೇ ಸಾಕ್ಷ್ಯ ತಂದರೆ ಹೊರತು. ಉದ್ದೇಶದ ಬಾಗಿಲಿನಿಂದ ಒಳಗೆ ಬಂದ ಸಂಗತಿ ನಡತೆಯ ಕುರ್ಚಿಯಲ್ಲಿ ಕೂರದಂತೆ ನೋಡಿಕೊಳ್ಳಬೇಕಾದವರು ನ್ಯಾಯಾಧೀಶರು. ಇಲ್ಲಿ ನ್ಯಾಯಾಧೀಶರೇ ಕುರ್ಚಿ ಎಳೆದುಕೊಟ್ಟರು. ಉದ್ದೇಶ ಎನ್ನುವುದು 'ಯಾಕೆ ಕೊಂದಳು' ಎಂಬುದಕ್ಕೆ ಉತ್ತರ. 'ಅವನು ಆರ್ಸೆನಿಕ್‌ನಿಂದ ಸತ್ತನೇ' ಎಂಬುದಕ್ಕೆ ಅದು ಉತ್ತರವಾಗಲಾರದು. ಹೋಟೆಲಿನ ಕೋಣೆಯಲ್ಲಿ ನಡೆದದ್ದು ಯಕೃತ್ತಿನ ಪರೀಕ್ಷೆಯ ಅಂಕಿಯನ್ನು ಹೆಚ್ಚಿಸುವುದಿಲ್ಲ.

ಆಗಸ್ಟ್ 7. ಜೂರಿ ಮುಕ್ಕಾಲು ಗಂಟೆಯೂ ತೆಗೆದುಕೊಳ್ಳಲಿಲ್ಲ. ತಪ್ಪಿತಸ್ಥೆ, ಗಲ್ಲು. ಅವಳನ್ನು ಛೀಮಾರಿ ಹಾಕುತ್ತಿದ್ದ ಊರೇ ಅಂದು ನ್ಯಾಯಮೂರ್ತಿಯ ಗಾಡಿಯ ಹಿಂದೆ ಬಿದ್ದು ಕೂಗಾಡಿತು. ಮೇಲ್ಮನವಿಗೆ ನ್ಯಾಯಾಲಯವೇ ಇರಲಿಲ್ಲ. ಅಂಥದೊಂದು ಇಂಗ್ಲೆಂಡಿಗೆ ಬಂದದ್ದು 1907ರ ಕಾಯ್ದೆಯಿಂದ, ಅದರ ಹಿಂದಿನ ಒತ್ತಡದಲ್ಲಿ ಈ ಪ್ರಕರಣದ ಪಾಲೂ ಇತ್ತು. ಉಳಿದದ್ದು ಗೃಹಮಂತ್ರಿಯ ಬಾಗಿಲೊಂದೇ. ಅರ್ಜಿಗಳ ರಾಶಿ ಬಿತ್ತು.

ಆಗಸ್ಟ್ 22ರಂದು ಗೃಹಮಂತ್ರಿ ಹೆನ್ರಿ ಮ್ಯಾಥ್ಯೂಸ್ ಗಲ್ಲನ್ನು ಜೀವಾವಧಿಗೆ ಇಳಿಸಿದರು. ಕೊಟ್ಟ ಕಾರಣ ಎರಡು ಸಲ ಓದಬೇಕಾದದ್ದು: ಕೊಲ್ಲುವ ಉದ್ದೇಶದಿಂದ ಅವಳು ಆರ್ಸೆನಿಕ್ ಕೊಟ್ಟಳು, ಕೊಡಲು ಯತ್ನಿಸಿದಳು ಎಂಬುದು ಸಾಕ್ಷ್ಯದಿಂದ ಸ್ಪಷ್ಟ, ಆದರೆ ಅವನು ಸತ್ತದ್ದು ಆರ್ಸೆನಿಕ್‌ನಿಂದಲೇ ಎಂಬುದರಲ್ಲಿ ಸಕಾರಣ ಸಂಶಯ ಪೂರ್ತಿ ನಿವಾರಣೆಯಾಗಿಲ್ಲ. ಸಕಾರಣ ಸಂಶಯ ಉಳಿದಿದ್ದರೆ ಕೊಲೆಯ ಆರೋಪದಿಂದ ಬಿಡುಗಡೆ, ಇದು ಮೊದಲ ವರ್ಷದ ಕಾನೂನು ವಿದ್ಯಾರ್ಥಿಗೂ ಗೊತ್ತು. ಮ್ಯಾಥ್ಯೂಸ್ ಮಾಡಿದ್ದೇನೆಂದರೆ, ಕೊಲೆಯ ಶಿಕ್ಷೆಯನ್ನು ಇಳಿಸಿ ಕೊಲೆಯತ್ನಕ್ಕೆ ಹೊಂದುವಂಥದ್ದನ್ನು ಕೊಟ್ಟರು. ಕೊಲೆಯತ್ನದ ಆರೋಪವನ್ನು ಅವಳ ಮೇಲೆ ಯಾರೂ ಹೊರಿಸಿರಲಿಲ್ಲ, ಯಾವ ಜೂರಿಯೂ ವಿಚಾರಿಸಿರಲಿಲ್ಲ.

1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ವಿಷದ ಕೊಲೆಗೆ ನಾಲ್ಕು ಗಂಟು ಹಾಕಿಟ್ಟಿತು: ಉದ್ದೇಶ ಸ್ಪಷ್ಟವಿರಬೇಕು, ಸತ್ತವರು ಆ ವಿಷದಿಂದಲೇ ಸತ್ತಿರಬೇಕು, ವಿಷ ಆರೋಪಿಯ ಬಳಿ ಇರಬೇಕು, ಕೊಡಲು ಅವಕಾಶವಿರಬೇಕು. ಅಲ್ಲಿ ಸತ್ತವಳು ಹೆಂಡತಿ, ಆರೋಪಿ ಗಂಡ, ವಿಷ ಸಯನೈಡ್, ಗಂಡ ಬಿಡುಗಡೆಯಾದ. ಫ್ಲಾರೆನ್ಸಳನ್ನು ಇದೇ ತಕ್ಕಡಿಗೆ ಹಾಕಿದರೆ ಮೊದಲನೆಯದು, ಮೂರನೆಯದು, ನಾಲ್ಕನೆಯದು ಅವಳ ವಿರುದ್ಧ ಕೂರುತ್ತವೆ. ಎರಡನೆಯದು ಕೂರುವುದಿಲ್ಲ, ಹಾಗೆಂದು ಗೃಹಮಂತ್ರಿಯೇ ಸಹಿ ಹಾಕಿದ್ದಾರೆ.

ವೋಕಿಂಗ್ ಜೈಲು, ಆಮೇಲೆ ಏಲ್ಸ್‌ಬರಿ ಜೈಲು. ರಸೆಲ್ ಮುಖ್ಯ ನ್ಯಾಯಮೂರ್ತಿಯಾದ ಮೇಲೂ ಅವಳ ಬಿಡುಗಡೆಗೆ ಪತ್ರ ಬರೆಯುತ್ತಲೇ ಇದ್ದು 1900ರಲ್ಲಿ ತೀರಿಕೊಂಡರು. ಸ್ಟೀಫನ್ 1891ರಲ್ಲೇ ಬುದ್ಧಿ ಮಂಕಾಗಿ ಪೀಠ ಬಿಟ್ಟಿದ್ದರು, 1894ರಲ್ಲಿ ತೀರಿಕೊಂಡರು. ಫ್ಲಾರೆನ್ಸ್ ಹೊರಬಂದದ್ದು 1904ರಲ್ಲಿ, ಹತ್ತಿರ ಹತ್ತಿರ 15 ವರ್ಷದ ನಂತರ. ಮಕ್ಕಳಿಬ್ಬರನ್ನೂ ಮತ್ತೆ ನೋಡಲಿಲ್ಲ. ಮಗ ಗಣಿ ಇಂಜಿನಿಯರ್ ಆಗಿ ಕೆನಡಾಕ್ಕೆ ಹೋಗಿದ್ದವನು 1911ರಲ್ಲಿ ಪ್ರಯೋಗಾಲಯದಲ್ಲಿ ನೀರೆಂದು ಸಯನೈಡ್ ಕುಡಿದು ಸತ್ತ.

ಜೇಮ್ಸನ ಹೆಸರನ್ನೂ ಕಾಲ ಸುಮ್ಮನೆ ಬಿಡಲಿಲ್ಲ. 1990ರ ದಶಕದಲ್ಲಿ ಅವನದೆಂಬ ದಿನಚರಿಯೊಂದು ಹೊರಬಂದು, ಲಂಡನ್ನಿನ ಜ್ಯಾಕ್ ದಿ ರಿಪ್ಪರ್ ಇವನೇ ಎಂದಿತು. ದಿನಚರಿ ಹೊರತಂದವನೇ ಆಮೇಲೆ ತಾನು ಹುಟ್ಟುಹಾಕಿದ್ದು ಎಂದ, ಮತ್ತೆ ಅಲ್ಲ ಎಂದ. ಆ ಕತೆಗೆ ಇಷ್ಟು ಸಾಲು ಸಾಕು.

ಫ್ಲಾರೆನ್ಸ್ ಅಮೆರಿಕಕ್ಕೆ ಮರಳಿ ಒಂದಷ್ಟು ಕಾಲ ಜೈಲಿನ ಬಗ್ಗೆ ಭಾಷಣ ಮಾಡಿ, ಜನ ಕೇಳುವುದು ಬಿಟ್ಟ ಮೇಲೆ ಕನೆಕ್ಟಿಕಟ್‌ನ ಸೌತ್ ಕೆಂಟ್ ಎಂಬ ಹಳ್ಳಿಯ ಕಡೆ ಒಂದು ಪುಟ್ಟ ಮನೆ ಮಾಡಿಕೊಂಡಳು. ಮೇಬ್ರಿಕ್ ಎಂಬ ಹೆಸರನ್ನು ಕಳಚಿ ಮತ್ತೆ ಚಾಂಡ್ಲರ್ ಆದಳು. ಹತ್ತಿರದ ಶಾಲೆಯ ಹುಡುಗರಿಗೆ ಅವಳು ಕೈಯಲ್ಲಿ ಕಾಸಿಲ್ಲದ, ಯಾರೊಂದಿಗೂ ಹೆಚ್ಚು ಮಾತಾಡದ ಮುದುಕಿ. 1941ರ ಅಕ್ಟೋಬರ್ 23ರಂದು ತೀರಿಕೊಂಡಾಗ 79 ವರ್ಷ. ಮನೆ ತುಂಬ ಬೆಕ್ಕುಗಳಿದ್ದವು.